ಕಾಲು ತೆಗೆದ ಮೇಲೆ



ಮನೆಯ ಮುಂದೆ ಹಳೆಯ ಕಾರೊಂದನ್ನು ಉಳಿಸಿಕೊಂಡವರಿಗಾಗಿ ಇವತ್ತಿನ ಮಾತು. ವಾರಕ್ಕೊಮ್ಮೆ ಸಂತೆಗೆ, ತಿಂಗಳಿಗೊಮ್ಮೆ ನೆಂಟರ ಮನೆಗೆ, ಮಳೆ ಹಿಡಿಯಿತೆಂದರೆ ಅದೂ ಇಲ್ಲ. ಹೀಗೆ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚಾದ ಗಾಡಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥ ಗಾಡಿಯ ಪೆಡಲು ಒಂದು ದಿನ ಹಿಡಿದುಕೊಳ್ಳಲು ಶುರುಮಾಡುತ್ತದೆ. ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಎಂಜಿನ್ನಿನ ಸದ್ದು ತಗ್ಗುವುದಿಲ್ಲ. ಕ್ಲಚ್ಚು ಅರ್ಧಕ್ಕೆ ಬಂದು ನಿಲ್ಲುತ್ತದೆ. ಬ್ರೇಕ್ ಪೆಡಲು ಸೋಮಾರಿಯಾಗಿ ಮೇಲೇಳುತ್ತದೆ. ಆಗ ನಾವು ಸಾಮಾನ್ಯವಾಗಿ ಮಾಡುವುದು ಎರಡೇ: ಬೂಟಿನ ತುದಿಯಿಂದ ಎತ್ತಿಬಿಟ್ಟು ಮುಂದೆ ಹೋಗುವುದು, ಇಲ್ಲವೇ ಕೈಗೆ ಸಿಕ್ಕ ಎಣ್ಣೆಯನ್ನು ಕಣ್ಣಿಗೆ ಕಂಡ ಜಾಗಕ್ಕೆಲ್ಲ ಬಿಡುವುದು. ಮೊದಲನೆಯದು ಅಪಾಯ. ಎರಡನೆಯದರಿಂದ ರೋಗ ಮರೆಯಾಗುತ್ತದೆ, ವಾಸಿಯಾಗುವುದಿಲ್ಲ.

ಉದಾಹರಣೆಗೆ ಮಾರುತಿ 800 ಗಾಡಿಯನ್ನೇ ತೆಗೆದುಕೊಳ್ಳೋಣ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಈ ಕಾರಿನ ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಹೊಗೆಯ ನಿಯಮ ಬಿಗಿಯಾದ್ದರಿಂದ ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ 2010ರ ಏಪ್ರಿಲ್ ಹೊತ್ತಿಗೇ ಅದರ ಮಾರಾಟ ನಿಂತಿತ್ತು. ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಆಯಸ್ಸು. ಆಮೇಲೆ ತಪಾಸಣೆ ಮಾಡಿಸಿ, ಐದೈದು ವರ್ಷಕ್ಕೆ ನವೀಕರಿಸಬೇಕು. ಹಾಗಾಗಿ ಆ ನಗರಗಳಲ್ಲಿ ಹೊಸದಾಗಿ ಕೊಂಡು ಇವತ್ತಿಗೂ ಓಡಿಸುತ್ತಿರುವ ಮಾರುತಿ 800 ಎಲ್ಲವೂ ಈ ಗಡಿ ದಾಟಿದವು, ಇಲ್ಲವೇ ಗಡಿಯಲ್ಲಿ ನಿಂತವು. ಮೂರು ಸಿಲಿಂಡರಿನ 796 ಸಿಸಿ ಎಂಜಿನ್ನು, ಆಕ್ಸಿಲರೇಟರಿಗೊಂದು ಕೇಬಲ್ಲು, ಕ್ಲಚ್ಚಿಗೊಂದು ಕೇಬಲ್ಲು, ಬ್ರೇಕಿಗೆ ಆಯಿಲ್ಲು. ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಎಟುಕುತ್ತದೆ. ಮನೆಯಲ್ಲಿ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠದ ಗಾಡಿ ಸಿಗಲಾರದು. ಬೇರೆ ಹಳೆಯ ಕಾರುಗಳಲ್ಲಿಯೂ ತತ್ವ ಇದೇ, ಜೋಡಣೆ ಮಾತ್ರ ಬೇರೆ.

ಕೆಲಸಕ್ಕೆ ಕೈ ಹಾಕುವ ಮುಂಚೆ ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಪೆಡಲಿಗೆ ಎರಡು ಪ್ರಯಾಣಗಳಿವೆ, ಹೋಗುವುದು ಮತ್ತು ಬರುವುದು. ಹೋಗುವಾಗ ಅದನ್ನು ತಳ್ಳುವುದು ನಮ್ಮ ಕಾಲು. ಬರುವಾಗ ಕರೆದು ತರುವುದು ಒಂದು ಸ್ಪ್ರಿಂಗು. ಕೇಬಲ್ಲೆಂಬುದು ಬಾವಿಯ ಹಗ್ಗದ ಹಾಗೆ. ಎಳೆಯಲು ಬರುತ್ತದೆ, ನೂಕಲು ಬರುವುದಿಲ್ಲ. ಕೊಡ ತನ್ನ ಭಾರದಿಂದಲೇ ಕೆಳಗಿಳಿಯಬೇಕಾದಂತೆ, ಆಕ್ಸಿಲರೇಟರಿನ ಕೇಬಲ್ಲೂ ಸ್ಪ್ರಿಂಗಿನ ಬಲದಿಂದಲೇ ಹಿಂದಕ್ಕೆ ಬರಬೇಕು.

ಈಗ ಎರಡು ಬಲಗಳನ್ನು ಹೋಲಿಸಿ ನೋಡಿ. ಕಾಲಿನ ಬಲ ಅಪಾರ. ಕೇಬಲ್ಲಿಗೆ ತುಕ್ಕು ಹಿಡಿದಿರಲಿ, ಪೆಡಲಿನ ಪಿನ್ನಿಗೆ ಮಣ್ಣು ಮೆತ್ತಿರಲಿ, ಕಾಲು ಅದನ್ನೆಲ್ಲ ಮೀರಿ ಒತ್ತಿಬಿಡುತ್ತದೆ. ಬಿಗಿಯಾಗುತ್ತಿದೆ ಎನ್ನುವುದು ನಮ್ಮ ಗಮನಕ್ಕೇ ಬರುವುದಿಲ್ಲ, ಕಾಲು ದಿನದಿನಕ್ಕೂ ಅದಕ್ಕೆ ಹೊಂದಿಕೊಂಡಿರುತ್ತದೆ. ಸ್ಪ್ರಿಂಗಿನ ಬಲವೋ, ತಯಾರಕರು ಕೊಟ್ಟಷ್ಟೇ, ವರ್ಷ ಕಳೆದಂತೆ ಅದಕ್ಕಿಂತಲೂ ಕಡಿಮೆ. ಆದ್ದರಿಂದ ಪೆಡಲಿನ ಕಾಯಿಲೆ ಹೆಚ್ಚಾಗಿ ಬರುವ ದಾರಿಯಲ್ಲೇ ಕಾಣಿಸಿಕೊಳ್ಳುತ್ತದೆ. ಪರೀಕ್ಷೆ ಮಾಡುವಾಗಲೂ ನೀವು ಒತ್ತುವುದನ್ನು ಗಮನಿಸಬೇಡಿ, ಅದು ಹೇಗೆ ಹಿಂದಿರುಗುತ್ತದೆ ಎಂಬುದನ್ನು ಗಮನಿಸಿ. ಕಾಲಿನಲ್ಲಿ ನೋಡಬೇಡಿ, ಕೈಯಲ್ಲಿ ನೋಡಿ. ಬೂಟಿನ ಅಟ್ಟೆಗೆ ತಿಳಿಯದ ಸಣ್ಣ ತೊಡರು ಬೆರಳಿಗೆ ತಿಳಿಯುತ್ತದೆ.

ಗಾಡಿ ಓಡುತ್ತಿರುವಾಗಲೇ ಆಕ್ಸಿಲರೇಟರ್ ಸಿಕ್ಕಿಕೊಂಡರೆ ಏನು ಮಾಡಬೇಕು? ರಿಪೇರಿಗಿಂತ ಮೊದಲು ತಿಳಿದಿರಬೇಕಾದದ್ದು ಇದು. ಕ್ಲಚ್ ಒತ್ತಿ, ಬ್ರೇಕನ್ನು ಬಲವಾಗಿ ಒತ್ತಿ ಹಿಡಿಯಿರಿ, ಗೇರನ್ನು ನ್ಯೂಟ್ರಲ್ಲಿಗೆ ತನ್ನಿ. ಎಂಜಿನ್ನು ಕಿರುಚುತ್ತದೆ. ಕಿರುಚಲಿ, ಚಕ್ರಕ್ಕೂ ಅದಕ್ಕೂ ಸಂಬಂಧ ತಪ್ಪಿದೆಯಲ್ಲ, ಅಷ್ಟು ಸಾಕು. ರಸ್ತೆಯ ಬದಿಗೆ ಬಂದು ನಿಂತ ಮೇಲೆ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿ. ಎರಡು ಎಚ್ಚರಿಕೆಗಳು. ಒಂದು, ಗಾಡಿ ಚಲಿಸುತ್ತಿರುವಾಗ ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ಹೊರಗೆಳೆದುಬಿಡಬೇಡಿ, ಸ್ಟೀರಿಂಗ್ ಬೀಗ ಬಿದ್ದೀತು. ಎರಡು, ಬ್ರೇಕನ್ನು ಪದೇ ಪದೇ ತುಳಿದು ಬಿಡಬೇಡಿ. ಬ್ರೇಕಿಗೆ ಬೂಸ್ಟರ್ ಇರುವ ಪೆಟ್ರೋಲ್ ಗಾಡಿಗಳಲ್ಲಿ ಆ ಬೂಸ್ಟರು ಎಂಜಿನ್ನು ಗಾಳಿ ಹೀರುವ ಬಲದಿಂದ ಕೆಲಸ ಮಾಡುತ್ತದೆ. ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು, ಅಂದರೆ ಥ್ರಾಟಲ್, ಪೂರ್ತಿ ತೆರೆದುಕೊಂಡಾಗ ಆ ಬಲ ಕುಗ್ಗುತ್ತದೆ. ಉಳಿದ ಅಲ್ಪಸ್ವಲ್ಪವನ್ನು ಎರಡು ಮೂರು ತುಳಿತದಲ್ಲಿ ಖರ್ಚು ಮಾಡಿದರೆ ಆಮೇಲೆ ಪೆಡಲು ಕಲ್ಲಿನಂತಾಗುತ್ತದೆ. ಇನ್ನು, ಓಡುವ ಗಾಡಿಯಲ್ಲಿ ಬಗ್ಗಿ ಕೈಯಿಂದ ಪೆಡಲು ಎತ್ತಲು ಹೋಗುವುದಂತೂ ಬೇಡವೇ ಬೇಡ.

ಇನ್ನು ಮನೆಯಂಗಳಕ್ಕೆ ಬರೋಣ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಹ್ಯಾಂಡ್ ಬ್ರೇಕ್ ಹಾಕಿರಲಿ, ಚಕ್ರಕ್ಕೆ ಕಲ್ಲು ಕೊಟ್ಟಿರಲಿ, ಎಂಜಿನ್ನು ಆರಿ ತಣ್ಣಗಾಗಿರಲಿ. ಮೊದಲು ಚಾಲಕನ ಕಾಲ ಕೆಳಗಿನ ಮ್ಯಾಟನ್ನು ಎಳೆದು ಹೊರಗೆ ಹಾಕಿ. ಇದು ಸಣ್ಣ ಮಾತೆಂದು ಕಾಣಬಹುದು. 2009ರ ಆಗಸ್ಟಿನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಒಂದು ಲೆಕ್ಸಸ್ ಕಾರು ನಿಲ್ಲಿಸಲಾಗದೆ ಅಪ್ಪಳಿಸಿ ನಾಲ್ವರು ಸತ್ತರು. ತನಿಖೆಯಲ್ಲಿ ಕಂಡದ್ದು, ಬೇರೆ ಮಾದರಿಯ ವಾಹನಕ್ಕೆ ಮಾಡಿದ ಮ್ಯಾಟು ಅದರಲ್ಲಿತ್ತು, ಅದರ ಅಂಚಿಗೆ ಪೆಡಲು ಸಿಕ್ಕಿಕೊಂಡಿತ್ತು. ನಮ್ಮಲ್ಲಿ ಕಾರ್ಖಾನೆಯ ಮ್ಯಾಟಿನ ಮೇಲೆ ರಬ್ಬರ್ ಮ್ಯಾಟು, ಅದರ ಮೇಲೆ ಮಳೆಗಾಲಕ್ಕೆಂದು ಹಳೆಯ ಗೋಣಿ ಹಾಸುವ ರೂಢಿಯಿದೆ. ಗೋಣಿಯ ಒಂದು ಮಡಿಕೆ ಸಾಕು. ಮ್ಯಾಟು ತೆಗೆದ ಮೇಲೆ ಪೆಡಲು ಸರಾಗವಾಗಿ ಬಂದರೆ ನಿಮ್ಮ ರಿಪೇರಿ ಅಲ್ಲಿಗೆ ಮುಗಿಯಿತು. ಕ್ಲಿಪ್ಪಿನಿಂದ ಹಿಡಿದು ನಿಲ್ಲುವ, ಆ ಗಾಡಿಗೇ ಆದ ಒಂದೇ ಮ್ಯಾಟು ಹಾಕಿ, ಸಾಕು.

ಮ್ಯಾಟಿನಿಂದಲ್ಲ ಎಂದಾದರೆ, ಪೆಡಲು ದಾರಿಯ ಯಾವ ಭಾಗದಲ್ಲಿ ಹಿಡಿಯುತ್ತದೆ ಎಂದು ನೋಡಿಕೊಳ್ಳಿ. ಅನುಭವಸ್ಥ ಮೆಕ್ಯಾನಿಕ್ಕುಗಳು ಬಾನೆಟ್ ಎತ್ತುವ ಮೊದಲೇ ಇದನ್ನು ಕೇಳುತ್ತಾರೆ. ಒತ್ತಲು ಶುರುಮಾಡಿದ ಕೂಡಲೆ ಬಿಗಿಯಿದ್ದು, ಆಮೇಲೆ ಟಪ್ಪೆಂದು ಬಿಟ್ಟುಕೊಂಡರೆ ಥ್ರಾಟಲಿನ ಬಾಗಿಲ ಅಂಚಿಗೆ ಮಸಿ ಅಂಟಿದೆ ಎಂದು ಅನುಮಾನಿಸಬಹುದು. ನಡುದಾರಿಯಲ್ಲಿ ಎಲ್ಲೋ ತೊಡರಿದರೆ ಕೇಬಲ್ಲಿನ ಮೇಲೆ ಸಂಶಯ. ಇಡೀ ದಾರಿಯುದ್ದಕ್ಕೂ ನಿಧಾನವಾಗಿ ತೆವಳಿದರೆ ಪೆಡಲಿನ ಪಿನ್ನು ಒಣಗಿದೆ, ಇಲ್ಲವೇ ಸ್ಪ್ರಿಂಗು ಸೋತಿದೆ. ಪೂರ್ತಿ ಒತ್ತಿದಾಗ ಮಾತ್ರ ತಳದಲ್ಲಿ ಸಿಕ್ಕಿಕೊಂಡರೆ ಹರಿದ ಕೇಬಲ್ಲಿನ ಎಳೆ ಎಲ್ಲೋ ಚುಚ್ಚಿಕೊಂಡಿರಬಹುದು.

ಇವೆಲ್ಲ ಅನುಮಾನಗಳು. ಖಚಿತವಾಗಬೇಕಾದರೆ ಬಿಡಿಸಿ ನೋಡಬೇಕು. ಪೆಡಲು, ಕೇಬಲ್ಲು, ಥ್ರಾಟಲು ಹೀಗೆ ಮೂರು ತುಂಡುಗಳು, ನಡುವೆ ಎರಡು ಜೋಡಣೆಗಳು. ಒಂದೊಂದೇ ಜೋಡಣೆ ಬಿಚ್ಚಿದರೆ ತಪ್ಪಿತಸ್ಥ ಸಿಕ್ಕಿಬೀಳುತ್ತಾನೆ. ಏರ್ ಫಿಲ್ಟರಿನ ಡಬ್ಬ ಅಡ್ಡ ಬಂದರೆ ತೆಗೆದಿಡಿ. ಥ್ರಾಟಲು ಇರುವ ಕಾರ್ಬೊರೇಟರಿನ ಬದಿಯಲ್ಲಿ ಕೇಬಲ್ಲಿನ ತುದಿ ಒಂದು ಸಣ್ಣ ಲಿವರಿಗೆ ಸಿಕ್ಕಿಸಿರುತ್ತದೆ. ಅಲ್ಲಿಂದ ಕೇಬಲ್ಲನ್ನು ಬಿಡಿಸಿ, ಲಿವರನ್ನು ಬೆರಳಿನಿಂದ ತಿರುಗಿಸಿ ಬಿಡಿ. ಅದು ಚಟಕ್ಕನೆ ತನ್ನ ಜಾಗಕ್ಕೆ ಮರಳಿದರೆ ಕಾರ್ಬೊರೇಟರು ನಿರಪರಾಧಿ. ಇನ್ನು ಕೇಬಲ್ಲಿನ ಇನ್ನೊಂದು ತುದಿಯನ್ನು ಪೆಡಲಿನ ತಲೆಯಿಂದ ಬಿಡಿಸಿ, ಒಳತಂತಿಯನ್ನು ಆಚೆ ಈಚೆ ಎಳೆದು ನೋಡಿ. ಒರಟು, ಕಿರುಗುಟ್ಟುವಿಕೆ, ತಡೆ ಯಾವುದು ಕಂಡರೂ ಕೇಬಲ್ಲೇ ಕಾರಣ. ನುಣುಪಾಗಿ ಜಾರಿದರೆ ಉಳಿದದ್ದು ಪೆಡಲು. ಕೈಯಲ್ಲಿ ಆಡಿಸಿ ನೋಡಿದರೆ ಅದೇ ಹೇಳುತ್ತದೆ.

ಎರಡು ಸಂಗತಿ ನೆನಪಿರಲಿ. ಕಾರ್ಬೊರೇಟರಿನ ಲಿವರನ್ನು ಆಡಿಸಿದಷ್ಟು ಸಲವೂ ಅದು ಒಳಗೆ ಸ್ವಲ್ಪ ಪೆಟ್ರೋಲ್ ಚಿಮುಕಿಸುತ್ತದೆ. ಮಕ್ಕಳ ಆಟದ ಹಾಗೆ ಮತ್ತೆ ಮತ್ತೆ ಆಡಿಸಬೇಡಿ, ಹತ್ತಿರ ಬೀಡಿ, ದೀಪ, ಒಲೆ ಯಾವುದೂ ಇರಕೂಡದು. ಇನ್ನೊಂದು, ಚೋಕ್ ಎಳೆದಿದ್ದರೆ ಕಾರ್ಬೊರೇಟರಿನ ಥ್ರಾಟಲು ಬೇಕೆಂದೇ ಸ್ವಲ್ಪ ತೆರೆದಿರುತ್ತದೆ. ಚಳಿಗಾಲದ ಬೆಳಿಗ್ಗೆ ಎಂಜಿನ್ನು ಜೋರಾಗಿ ಓಡುತ್ತಿದೆ, ಪೆಡಲು ಹಿಡಿದಿದೆ ಎಂದು ಗಾಬರಿಯಾಗುವ ಮೊದಲು ಚೋಕಿನ ಗುಂಡಿ ಪೂರ್ತಿ ಒಳಗೆ ಹೋಗಿದೆಯೇ ನೋಡಿ.

ತಪ್ಪು ಸಿಕ್ಕಿತು. ಈಗ ರಿಪೇರಿ.

ಪೆಡಲಿನ ಪಿನ್ನೇ ಬಿಗಿಯಾಗಿದ್ದರೆ ಕೆಲಸ ಸುಲಭ, ಭಂಗಿ ಮಾತ್ರ ಕಷ್ಟ. ಸೀಟನ್ನು ಹಿಂದಕ್ಕೆ ಸರಿಸಿ, ತಲೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ತೂರಿಸಿ ಅಂಗಾತ ಮಲಗಬೇಕು. ಒಂದು ಟಾರ್ಚು ಬೇಕು. ಮಲೆನಾಡಿನ ಕೆಂಪು ಧೂಳು, ಕರಾವಳಿಯ ಉಪ್ಪುಗಾಳಿಯ ತುಕ್ಕು, ಒದ್ದೆ ಚಪ್ಪಲಿಯಿಂದ ವರ್ಷಗಟ್ಟಲೆ ಇಳಿದ ಕೆಸರು ಎಲ್ಲವೂ ಅಲ್ಲಿ ಒಟ್ಟುಗೂಡಿರುತ್ತವೆ. ನಿಲ್ಲಿಸಿದ ಗಾಡಿಯಾದರೆ ಇಲಿ ತಂದು ಸೇರಿಸಿದ ತೆಂಗಿನ ನಾರು, ಅಡಿಕೆ ಸಿಪ್ಪೆ ಕೂಡ ಸಿಗಬಹುದು. ಇವನ್ನೆಲ್ಲ ಮೊದಲು ತೆಗೆಯಬೇಕು. ಇದ್ದ ಕೊಳೆಯ ಮೇಲೆ ಹೊಸ ಗ್ರೀಸ್ ಬಳಿದರೆ ಧೂಳೂ ಗ್ರೀಸೂ ಬೆರೆತು ಲೋಹವನ್ನೇ ಅರೆಯುವ ಪೇಸ್ಟಾಗುತ್ತದೆ. ಲಾಕು ಬಿಚ್ಚಿ ಪಿನ್ನು ಹೊರಗೆ ತೆಗೆದು, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ತುಕ್ಕಿದ್ದಲ್ಲಿ ನಯವಾದ ಎಮರಿ ಕಾಗದದಿಂದ ಉಜ್ಜಿ, ಒಣಗಿಸಿ, ತೆಳ್ಳಗೆ ಗ್ರೀಸ್ ಹಚ್ಚಿ ಕೂರಿಸಿ. ಪ್ಲಾಸ್ಟಿಕ್ ಬುಷ್ ಸವೆದು ಪೆಡಲು ಅಕ್ಕಪಕ್ಕಕ್ಕೆ ಅಲುಗಾಡುತ್ತಿದ್ದರೆ ಬುಷ್ ಬದಲಿಸಿ. ಲಾಕಾಗಿ ಹಾಕಿದ್ದ ಸ್ಪ್ಲಿಟ್ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ಹಾಕುವುದು ಬೇಡ. ಅದು ಒಮ್ಮೆ ಬಾಗಿದ ಕಡೆಯಲ್ಲೇ ಮುರಿಯುತ್ತದೆ. ಹೊಸದಕ್ಕೆ ಬಹಳ ಖರ್ಚಿಲ್ಲ.

ಸ್ಪ್ರಿಂಗು ಸೋತಿದೆ ಎನಿಸಿದಾಗ ಅದನ್ನು ಕತ್ತರಿಸಿ ಚಿಕ್ಕದು ಮಾಡಿ ಬಿಗಿ ಬರಿಸುವ ಉಪಾಯವೊಂದು ಚಾಲ್ತಿಯಲ್ಲಿದೆ. ದಯವಿಟ್ಟು ಮಾಡಬೇಡಿ. ಕತ್ತರಿಸಿ ಹೊಸದಾಗಿ ಬಗ್ಗಿಸಿದ ಕೊಕ್ಕೆಯೇ ಆ ಸ್ಪ್ರಿಂಗಿನ ದುರ್ಬಲ ಜಾಗವಾಗುತ್ತದೆ. ಗುಜರಿಯಿಂದ ತಂದ, ನೋಡಲು ಒಂದೇ ರೀತಿಯ ಸ್ಪ್ರಿಂಗೂ ಬೇಡ. ಅಳತೆ ಒಂದೇ ಇದ್ದರೂ ತಂತಿಯ ದಪ್ಪ, ಸುತ್ತು ಬೇರೆಯಾದರೆ ಬಲ ಬೇರೆಯಾಗುತ್ತದೆ. ಇನ್ನೂ ಮುಖ್ಯವಾದ ಮಾತು: ಸ್ಪ್ರಿಂಗು ಸೋತಂತೆ ಕಂಡ ಎಷ್ಟೋ ಗಾಡಿಗಳಲ್ಲಿ ಅದು ಸೋತಿರುವುದಿಲ್ಲ, ಅದರ ಎದುರು ನಿಂತ ತಿಕ್ಕಾಟ ಬೆಳೆದಿರುತ್ತದೆ. ಎರಡನೆಯ ಸ್ಪ್ರಿಂಗೊಂದನ್ನು ಜೊತೆಗೆ ಕಟ್ಟಿ ಎಳೆಸಿದರೆ ತಿಕ್ಕಾಟ ಅಲ್ಲೇ ಉಳಿಯುತ್ತದೆ, ಬೆಳೆಯುತ್ತಲೂ ಇರುತ್ತದೆ.

ಇನ್ನು ಕೇಬಲ್ಲು. ಹೊರಗೆ ಸುರುಳಿ ಕವಚ, ಒಳಗೆ ಹೊಸೆದ ಉಕ್ಕಿನ ಎಳೆಗಳು. 1896ರಲ್ಲಿ ಅರ್ನೆಸ್ಟ್ ಬೌಡನ್ ಪೇಟೆಂಟ್ ಪಡೆದ ಈ ರಚನೆಯೇ ಇವತ್ತಿನವರೆಗೂ ಸೈಕಲ್ಲಿನ ಬ್ರೇಕಿನಿಂದ ಹಿಡಿದು ಕಾರಿನ ಕ್ಲಚ್ಚಿನವರೆಗೆ ನಡೆದುಬಂದಿದೆ. ಇದರ ಶತ್ರುಗಳು ಮೂರು: ನೀರು, ಕಡಿದಾದ ತಿರುವು, ಬಿಸಿ. ನೀರು ಒಳಗೆ ಹೊಕ್ಕರೆ ತುಕ್ಕು. ಹಿಂದೊಮ್ಮೆ ಯಾರೋ ಬ್ಯಾಟರಿ ಬದಲಿಸುವಾಗ ಕೇಬಲ್ಲನ್ನು ಅಡ್ಡ ಸರಿಸಿ ಹಾಗೆಯೇ ಬಿಟ್ಟಿದ್ದರೆ ತಿರುವು ಕಡಿದಾಗಿ ತಂತಿ ಕವಚಕ್ಕೆ ಉಜ್ಜುತ್ತದೆ. ಸೈಲೆನ್ಸರಿನ ಬಿಸಿ ಕೊಳವೆಗೆ ತಾಗಿದ್ದರೆ ಒಳಗಿನ ಪ್ಲಾಸ್ಟಿಕ್ ಪದರ ಕರಗಿ ಅಂಟಾಗುತ್ತದೆ. ಕೇಬಲ್ಲು ಹಾದುಹೋಗುವ ದಾರಿಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಕಣ್ಣಿನಿಂದ ಹಿಂಬಾಲಿಸಿ. ದಾರಿ ಸರಿಪಡಿಸಿದ್ದೇ ಪರಿಹಾರವಾಗುವುದೂ ಉಂಟು. ಆದರೆ ತುದಿಯ ಗುಂಡಿನ ಬಳಿ ಒಂದೇ ಒಂದು ಎಳೆ ಹರಿದು ಮುಳ್ಳಿನಂತೆ ಎದ್ದಿದ್ದರೂ ಆ ಕೇಬಲ್ಲಿನ ಆಯಸ್ಸು ಮುಗಿಯಿತು. ಎದ್ದ ಎಳೆಯನ್ನು ಕತ್ತರಿಸಿ ಸಮಾಧಾನಪಟ್ಟುಕೊಳ್ಳಬೇಡಿ, ಉಳಿದವೂ ಅದೇ ದಾರಿ ಹಿಡಿಯುತ್ತವೆ.

ಹೊಸ ಕೇಬಲ್ಲು ತರಲು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ, ನಿಮ್ಮೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋಗಿ, ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಕವಚದ ಉದ್ದ, ಒಳತಂತಿ ಎಷ್ಟು ಹೊರಗೆ ಚಾಚಿದೆ, ತುದಿಯ ಗುಂಡಿನ ಆಕಾರ ಈ ಮೂರನ್ನೂ ಕೌಂಟರಿನ ಮೇಲಿಟ್ಟು ಹೋಲಿಸಿ. ಮಾರುತಿ 800ರಲ್ಲೇ ಹಳೆಯವು ಕಾರ್ಬೊರೇಟರಿನವು, ಆಮೇಲಿನವು ಇಂಜೆಕ್ಷನ್ನಿನ, ಅಂದರೆ ಎಂಪಿಎಫ್‌ಐನವು. ಒಂದರದ್ದು ಇನ್ನೊಂದಕ್ಕೆ ಆದೀತೆಂದು ಊಹಿಸಬೇಡಿ. ಕೂರಿಸಿದ ಮೇಲೆ ಎರಡು ತುದಿಯ ಪರೀಕ್ಷೆ ಆಗಲೇಬೇಕು. ಪೆಡಲು ಬಿಟ್ಟಾಗ ಥ್ರಾಟಲು ಪೂರ್ತಿ ಮುಚ್ಚಿ, ಕೇಬಲ್ಲಿನಲ್ಲಿ ಕೈಪಿಡಿ ಹೇಳಿದಷ್ಟು ಸಡಿಲ ಅಂದರೆ ಪ್ಲೇ ಉಳಿಯಬೇಕು. ಮನೆಯವರೊಬ್ಬರು ಪೆಡಲನ್ನು ನೆಲಕ್ಕೊತ್ತಿದಾಗ ಥ್ರಾಟಲು ಪೂರ್ತಿ ತೆರೆಯಬೇಕು. ಬಿಗಿ ಹೆಚ್ಚಾದರೆ ಎಂಜಿನ್ನು ಸುಮ್ಮನೆ ನಿಂತಾಗಲೂ ಜೋರಾಗಿ ಓಡುತ್ತದೆ, ಸಡಿಲ ಹೆಚ್ಚಾದರೆ ಏರು ರಸ್ತೆಯಲ್ಲಿ ದಮ್ಮು ಸಾಲುವುದಿಲ್ಲ.

ಥ್ರಾಟಲಿನಲ್ಲೇ ಅಂಟಿದ್ದರೆ ಕಾರ್ಬೊರೇಟರ್ ಕ್ಲೀನರ್ ಎಂದು ಡಬ್ಬಿಯಲ್ಲಿ ಸಿಗುವ ದ್ರಾವಣವನ್ನು ಬಟ್ಟೆಗೆ ಸಿಂಪಡಿಸಿ, ಬಾಗಿಲಿನ ಅಂಚನ್ನೂ ಅದು ಕೂರುವ ಗೋಡೆಯನ್ನೂ ಒರೆಸಿ. ನಿಂತ ಗಾಡಿಯಲ್ಲಿ ಪೆಟ್ರೋಲ್ ಆರಿ ಅರಗಿನಂತೆ ಗಟ್ಟಿಯಾಗಿರುತ್ತದೆ. ಓಡುವ ಗಾಡಿಯಲ್ಲಿ ಎಂಜಿನ್ ಆಯಿಲ್ಲಿನ ಆವಿ ಬಂದು ಮಸಿ ಕಟ್ಟಿರುತ್ತದೆ. ಎರಡೂ ಈ ದ್ರಾವಣಕ್ಕೆ ಬಿಡುತ್ತವೆ. ಸ್ಕ್ರೂ ಡ್ರೈವರಿನಿಂದ ಕೆರೆಯಬೇಡಿ, ಹಿತ್ತಾಳೆ, ಅಲ್ಯೂಮಿನಿಯಂ ಮೈಗೆ ಗೀರು ಬೀಳುತ್ತದೆ. ಬದಿಯಲ್ಲಿ ಕಾಣುವ ಸ್ಟಾಪ್ ಸ್ಕ್ರೂವನ್ನು ಸುಮ್ಮನೆ ತಿರುಗಿಸಬೇಡಿ. ಕೆಲಸ ಬಯಲು ಗಾಳಿಯಲ್ಲಿ ನಡೆಯಲಿ, ಕೈಗೆ ಗ್ಲೌಸಿರಲಿ.

ಅಪರೂಪದ ಒಂದು ಕಾರಣವನ್ನೂ ಹೇಳಿಬಿಡುತ್ತೇನೆ. ಪೆಡಲು, ಕೇಬಲ್ಲು, ಥ್ರಾಟಲು ಮೂರೂ ಸರಿಯಿದ್ದು, ಗಾಡಿ ಜಗ್ಗಿ ಹೊರಡುವಾಗ ಮಾತ್ರ ಎಂಜಿನ್ನು ತಾನಾಗಿ ಏರುತ್ತಿದ್ದರೆ ಎಂಜಿನ್ ಮೌಂಟಿಂಗ್ ನೋಡಿಸಿ. ರಬ್ಬರು ಹರಿದು ಎಂಜಿನ್ನೇ ಓಲಾಡಿದರೆ ಅದಕ್ಕೆ ಕಟ್ಟಿದ ಕೇಬಲ್ಲೂ ಜಗ್ಗುತ್ತದೆ. ಅಮೆರಿಕದ ಜನರಲ್ ಮೋಟರ್ಸ್ 1971ರಲ್ಲಿ ಸುಮಾರು 67 ಲಕ್ಷ ಷೆವರ್ಲೆ ವಾಹನಗಳನ್ನು ವಾಪಸ್ ಕರೆಸಿದ್ದು ಇದೇ ದೋಷಕ್ಕಾಗಿ. ಮೌಂಟಿಂಗ್ ಹರಿದರೆ ಎಂಜಿನ್ನು ಮೇಲೆದ್ದು ಥ್ರಾಟಲನ್ನು ಎಳೆದುಬಿಡುತ್ತಿತ್ತು.

ಎಣ್ಣೆಯ ವಿಷಯಕ್ಕೆ ಬಂದೆ. ನಮ್ಮ ಮನೆಗಳಲ್ಲಿ ಮೊದಲು ಕೈಗೆ ಸಿಗುವುದು ಕೊಬ್ಬರಿ ಎಣ್ಣೆ. ಬಾಗಿಲ ಚಿಲಕಕ್ಕೆ ಆದೀತು, ಪೆಡಲಿಗೆ ಆಗದು. ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಮಂಗಳೂರಿನ ಮಧ್ಯಾಹ್ನ ಸರಾಗವಾಗಿ ಆಡಿದ ಪೆಡಲು ಮಡಿಕೇರಿಯ ಮುಂಜಾವಿಗೆ ಹಿಡಿದುಕೊಳ್ಳುವುದು ಹಾಗೆ. ಹರಳೆಣ್ಣೆ ಮಂದ, ಧೂಳು ಹಿಡಿಯುತ್ತದೆ. ಎಲ್ಲರ ಕೈಯಲ್ಲೂ ಓಡಾಡುವ ಡಬ್ಲ್ಯುಡಿ-40 ಅಮೆರಿಕದಲ್ಲಿ 1953ರಲ್ಲಿ ಹುಟ್ಟಿದ್ದು ಲೋಹದಿಂದ ನೀರನ್ನು ಹೊರಡಿಸಲಿಕ್ಕೆ. ಹಿಡಿದುಕೊಂಡದ್ದನ್ನು ಬಿಡಿಸಲು, ಒದ್ದೆ ಆರಿಸಲು ಅದು ಒಳ್ಳೆಯದು. ವರ್ಷಗಟ್ಟಲೆ ಜಾರಿಸುವ ಎಣ್ಣೆಯ ಕೆಲಸ ಅದರಿಂದಾಗದು. ಒಳಪದರವಿಲ್ಲದ ಹಳೆಯ ಕೇಬಲ್ಲಿಗೆ ಹೊಲಿಗೆ ಯಂತ್ರದ ಎಣ್ಣೆಯಂಥ ತೆಳು ಎಣ್ಣೆ ಕೆಲವು ಹನಿ ಸಾಕು. ಒಳಗೆ ನೈಲಾನ್ ಅಥವಾ ಟೆಫ್ಲಾನ್ ಪದರವಿರುವ ಕೇಬಲ್ಲಿಗೆ ಸಾಮಾನ್ಯವಾಗಿ ಎಣ್ಣೆಯೇ ಬೇಡ, ಗ್ರೀಸ್ ತುಂಬಿದರೆ ಅದೇ ತಡೆಯಾಗುತ್ತದೆ. ಇನ್ನು ಪೆಡಲಿನ ಮೇಲಿನ ರಬ್ಬರಿಗಂತೂ ಯಾವ ಜಾರಿಕೆಯೂ ತಾಗಕೂಡದು. 2024ರ ಏಪ್ರಿಲಿನಲ್ಲಿ ಟೆಸ್ಲಾ ಕಂಪನಿ ತನ್ನ 3,878 ಸೈಬರ್‌ಟ್ರಕ್ಕುಗಳನ್ನು ವಾಪಸ್ ಕರೆಸಬೇಕಾಯಿತು. ಕಾರಣ ಏನು ಗೊತ್ತೇ? ಆಕ್ಸಿಲರೇಟರಿನ ಮೇಲೆ ಪ್ಯಾಡ್ ಕೂರಿಸುವುದು ಸುಲಭವಾಗಲೆಂದು ಸಾಬೂನು ಬಳಸಿದ್ದರು. ಉಳಿದ ಸಾಬೂನಿನಿಂದ ಪ್ಯಾಡು ಜಾರಿ, ಮೇಲಿನ ಪಟ್ಟಿಗೆ ಸಿಕ್ಕಿಕೊಂಡು, ಪೆಡಲು ಕೆಳಗೇ ಉಳಿಯುವ ಅಪಾಯವಿತ್ತು.

ಕ್ಲಚ್ಚಿನ ಮಾತು ಬೇಗ ಮುಗಿಸಬಹುದು. ಕೇಬಲ್ ಕ್ಲಚ್ಚಿನಲ್ಲೂ ವಿಧಾನ ಇದೇ: ಪೆಡಲಿನ ಬುಷ್ಷು, ಕೇಬಲ್ಲು, ಗೇರ್ ಬಾಕ್ಸಿನ ಮೇಲಿರುವ ರಿಲೀಸ್ ಲಿವರು ಎಂಬ ಮೂರನ್ನೂ ಬೇರ್ಪಡಿಸಿ ನೋಡುವುದು. ಒಂದು ಸೂಕ್ಷ್ಮ ಮಾತ್ರ ಇಲ್ಲಿ ಹೆಚ್ಚು. ಕ್ಲಚ್ ಪ್ಲೇಟಿನ ಲೈನಿಂಗ್ ಸವೆದಂತೆಲ್ಲ ಕೇಬಲ್ಲಿನ ಸಡಿಲ ಕಡಿಮೆಯಾಗುತ್ತ ಬರುತ್ತದೆ. ಸಡಿಲ ಪೂರ್ತಿ ಮಾಯವಾದರೆ ಪೆಡಲು ಮೇಲೆ ಬಂದಂತೆ ಕಂಡರೂ ಕ್ಲಚ್ಚು ಪೂರ್ತಿ ಹಿಡಿಯುವುದಿಲ್ಲ. ಎಂಜಿನ್ನು ಏರುತ್ತದೆ, ಗಾಡಿ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಲಿವರಿನ ತುದಿಯ ನಟ್ಟಿನಿಂದ ಕೈಪಿಡಿಯ ಅಳತೆಗೆ ಸಡಿಲ ಕೊಡುವುದು ಮನೆಯಲ್ಲಿ ಆಗುವ ಕೆಲಸ. ಅದಕ್ಕಾಗಿ ಗಾಡಿಯ ಕೆಳಗೆ ಹೋಗಬೇಕಾದರೆ ಬರೀ ಜಾಕನ್ನು ನಂಬಿ ಹೋಗಬೇಡಿ, ಸ್ಟ್ಯಾಂಡ್ ಕೊಡಿ.

ಬ್ರೇಕ್ ಪೆಡಲಿನಲ್ಲಿ ಮಾತ್ರ ಮನೆಯ ಕೆಲಸಕ್ಕೆ ಒಂದು ಗೆರೆ ಎಳೆದುಕೊಳ್ಳಬೇಕು. ಗೆರೆಯ ಈಚೆಗೆ ಬರುವುದು ಮ್ಯಾಟು, ಪೆಡಲಿನ ಪಿನ್ನು, ರಿಟರ್ನ್ ಸ್ಪ್ರಿಂಗು, ಬ್ರೇಕ್ ಲೈಟಿನ ಸ್ವಿಚ್ಚು. ರಾತ್ರಿ ಗಾಡಿಯ ಹಿಂಭಾಗವನ್ನು ಗೋಡೆಗೆ ಮಾಡಿ ನಿಲ್ಲಿಸಿ, ಪೆಡಲು ಒತ್ತಿ ಬಿಟ್ಟು ಕನ್ನಡಿಯಲ್ಲಿ ನೋಡಿ. ಕಾಲು ತೆಗೆದ ಮೇಲೂ ಗೋಡೆಯ ಮೇಲಿನ ಬ್ರೇಕ್ ಲೈಟಿನ ಕೆಂಪು ಆರದಿದ್ದರೆ ಪೆಡಲು ಪೂರ್ತಿ ಬಂದಿಲ್ಲ, ಇಲ್ಲವೇ ಸ್ವಿಚ್ಚು ಸರಿಯಿಲ್ಲ. ಬ್ರೇಕ್ ಆಯಿಲ್ಲಿನ ಮಟ್ಟವನ್ನೂ ಬಣ್ಣವನ್ನೂ ನೀವೇ ನೋಡಬಹುದು. ಆ ಆಯಿಲ್ಲು ಗಾಳಿಯ ತೇವವನ್ನು ಹೀರುವ ಜಾತಿಯದು. ಡಾಟ್ 3 ದರ್ಜೆಯದಕ್ಕೆ ಹೊಸದಿದ್ದಾಗ ಕುದಿಯುವ ಬಿಂದು ಕನಿಷ್ಠ 205 ಡಿಗ್ರಿ, ನೀರು ಹೀರಿದಾಗ 140. ಡಾಟ್ 4ಕ್ಕೆ 230 ಮತ್ತು 155. ಚಾರ್ಮಾಡಿಯಂಥ ಘಾಟಿ ಇಳಿಯುವಾಗ ಬ್ರೇಕು ಕಾದು ಆಯಿಲ್ಲು ಕುದಿದರೆ ಪೆಡಲು ಹತ್ತಿಯಂತಾಗುತ್ತದೆ. ಮಳೆ ಹೆಚ್ಚಿರುವ ಊರಿನವರು ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ಲೇಸು.

ಗೆರೆಯ ಆಚೆಗಿರುವುದು ಪೆಡಲಿನ ಒತ್ತಡವನ್ನು ಬ್ರೇಕ್ ಆಯಿಲ್ಲಿಗೆ ದಾಟಿಸುವ ಮಾಸ್ಟರ್ ಸಿಲಿಂಡರು. ಪೆಡಲು ಸರಾಗವಾಗಿದ್ದೂ ಬ್ರೇಕು ಬಿಡದೆ ಚಕ್ರ ಬಿಸಿಯಾಗುತ್ತಿದ್ದರೆ, ಒತ್ತಿ ಹಿಡಿದ ಪೆಡಲು ತಾನಾಗಿ ಕೆಳಗಿಳಿಯುತ್ತಿದ್ದರೆ, ಪೆಡಲಿನ ಹಿಂದಿನ ಕಡ್ಡಿಯ ಬಳಿ ಒದ್ದೆ ಕಂಡರೆ, ಕಾಯಿಲೆ ಅದರೊಳಗಿನ ರಬ್ಬರಿನಲ್ಲಿದೆ. ಎಂಜಿನ್ ಆಯಿಲ್ಲೋ ಪೆಟ್ರೋಲೋ ಸೇರಿದರೂ ಆ ರಬ್ಬರು ಉಬ್ಬಿ ಆಯಿಲ್ಲು ಹಿಂತಿರುಗುವ ಸಣ್ಣ ರಂಧ್ರವನ್ನು ಮುಚ್ಚಿಬಿಡುತ್ತದೆ. ಇದಕ್ಕೆ ಹೊಸ ಕಿಟ್ ಬೇಕು, ಗಾಳಿ ತೆಗೆಯುವ ಕೈಚಳಕ ಬೇಕು. ನುರಿತವರಿಗೆ ಬಿಡಿ.

ಹಾಗೆಯೇ, ಕೇಬಲ್ಲೇ ಇಲ್ಲದೆ ವಿದ್ಯುತ್ ಸಂಕೇತದಿಂದ ನಡೆಯುವ ಈಚಿನ ಆಕ್ಸಿಲರೇಟರುಗಳನ್ನೂ ಮನೆಯಲ್ಲಿ ಬಿಚ್ಚಬೇಡಿ. 2010ರ ಜನವರಿಯಲ್ಲಿ ಟೊಯೋಟಾ ಕಂಪನಿ ಅಮೆರಿಕದಲ್ಲಿ ಸುಮಾರು 23 ಲಕ್ಷ ವಾಹನಗಳನ್ನು ಇಂಥ ಪೆಡಲು ಹಿಡಿದುಕೊಳ್ಳುವ ದೋಷಕ್ಕಾಗಿ ವಾಪಸ್ ಕರೆಸಿತು. ಅಲ್ಲಿ ತಿಕ್ಕಾಟ ಹಳೆಯದಾಗಿ ಬಂದದ್ದಲ್ಲ. ಕೇಬಲ್ ಪೆಡಲಿನ ಹಿತವಾದ ಬಿಗಿ ಕಾಲಿಗೆ ಸಿಗಲೆಂದು ಒಳಗೆ ಬೇಕೆಂದೇ ಇಟ್ಟ ತಿಕ್ಕುವ ಭಾಗವೇ ಸವೆದು, ತೇವ ಕೂತು, ಅಂಟತೊಡಗಿತ್ತು. ಒಂದು ಸಣ್ಣ ಉಕ್ಕಿನ ಪಟ್ಟಿ ಸೇರಿಸಿ ಅದನ್ನು ಸರಿಪಡಿಸಿದರು. ಸ್ಪ್ರಿಂಗಿನ ಬಲಕ್ಕಿಂತ ತಿಕ್ಕಾಟ ಹೆಚ್ಚಾದರೆ ಪೆಡಲು ಬರುವುದಿಲ್ಲ ಎಂಬ ಲೆಕ್ಕ ಹಳೆಯ ಗಾಡಿಗೂ ಒಂದೇ, ಹೊಸದಕ್ಕೂ ಒಂದೇ.

ಎಲ್ಲ ಕೆಲಸ ಮುಗಿದ ಮೇಲೆ ಅವಸರದಲ್ಲಿ ರಸ್ತೆಗೆ ಇಳಿಯಬೇಡಿ. ಎಂಜಿನ್ ಆರಿಸಿದ್ದಾಗ ಕೈಯಿಂದ ಒತ್ತಿ ಬಿಟ್ಟು ನೋಡಿ, ಮೆಲ್ಲಗೆ ಒಮ್ಮೆ, ನೆಲದವರೆಗೆ ಒಮ್ಮೆ. ಆಮೇಲೆ ಎಂಜಿನ್ ಚಾಲೂ ಮಾಡಿ, ನ್ಯೂಟ್ರಲ್ಲಿನಲ್ಲೇ ಸ್ವಲ್ಪ ಏರಿಸಿ ಬಿಡಿ. ಎಂಜಿನ್ ಕಾದ ಮೇಲೆ ಮತ್ತೊಮ್ಮೆ ನೋಡಿ, ತಣ್ಣಗಿದ್ದಾಗ ಸರಿಯಿದ್ದದ್ದು ಬಿಸಿಗೆ ಹಿಗ್ಗಿ ಹಿಡಿಯುವುದುಂಟು. ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಬಾನೆಟ್ ಮುಚ್ಚಿ, ಮ್ಯಾಟು ಹಾಕಿ, ಪ್ರತಿಸಲವೂ ಅದೇ ಪರೀಕ್ಷೆ. ಹತ್ತರಲ್ಲಿ ಒಂಬತ್ತು ಸಲ ಸರಿಯಾಗಿ ಬಂದು ಒಂದು ಸಲ ಹಿಡಿದರೂ ಆ ಗಾಡಿ ಇನ್ನೂ ರಿಪೇರಿಯಾಗಿಲ್ಲ ಎಂದೇ ಅರ್ಥ.

ಅಂಥ ಗಾಡಿಯನ್ನು ಗ್ಯಾರೇಜಿನವರೆಗೂ ಓಡಿಸಿಕೊಂಡು ಹೋಗಬೇಡಿ, ಮೆಕ್ಯಾನಿಕ್ಕನ್ನೇ ಕರೆಸಿ. ಬಂದವರಿಗೆ "ಪೆಡಲು ಟೈಟು" ಎಂದಷ್ಟೇ ಹೇಳಿದರೆ ಅವರೂ ಮೊದಲು ಎಣ್ಣೆ ಬಿಡುತ್ತಾರೆ. "ಕಾರ್ಬೊರೇಟರಿನ ಕಡೆ ಬಿಡಿಸಿ ನೋಡಿದೆ, ಅದು ಸರಿಯಿದೆ. ಪೆಡಲೂ ಸರಾಗವಾಗಿದೆ. ನಡುದಾರಿಯಲ್ಲಿ ಕೇಬಲ್ಲು ಹಿಡಿಯುತ್ತಿದೆ" ಎಂದು ಹೇಳಿ ನೋಡಿ. ಕೆಲಸ ಅಲ್ಲಿಂದಲೇ ಶುರುವಾಗುತ್ತದೆ, ಬೇಡದ ಬಿಡಿಭಾಗದ ಖರ್ಚೂ ಉಳಿಯುತ್ತದೆ. ಮಳೆಗಾಲ ಬರುವ ಮುನ್ನ ಒಂದು ಭಾನುವಾರದ ಬೆಳಿಗ್ಗೆಯನ್ನು ಈ ಪರೀಕ್ಷೆಗೆ ಕೊಡಿ ಎಂದು ಕೇಳಿಕೊಳ್ಳುತ್ತೇನೆ. ಸ್ಪ್ಯಾನರ್ ಹಿಡಿಯಲು ಬಾರದವರೂ ಇದನ್ನು ಮಾಡಬಹುದು. ಪೆಡಲನ್ನು ಕೈಯಲ್ಲಿ ಒತ್ತಿ ಬಿಟ್ಟು ಅದು ಹೇಗೆ ಬರುತ್ತದೆ ಎಂದು ನೋಡಲು ಯಾವ ಹತಾರವೂ ಬೇಕಿಲ್ಲ.